ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗಬೇಕು, ಇಂಗ್ಲೆಂಡಿನಲ್ಲಿ ಯಾವ ಊರು ಸರಿ?

ಮಂಡ್ಯದ ಮಗಳು, ರೆಡಿಂಗ್

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ನಮ್ಮ ಮನೆಯಲ್ಲಿ ಇದೇ ಮಾತು. ನಿಮ್ಮಲ್ಲಿ ಈ ಹಂತ ದಾಟಿದವರು ಇದ್ದೀರಿ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಾವಿರುವುದು ರೆಡಿಂಗ್ ಪಕ್ಕದ ಅರ್ಲಿಯಲ್ಲಿ. ನಾಲ್ಕು ಬೆಡ್‌ರೂಮಿನ ಮನೆ, 1999ರಲ್ಲಿ ತಗೊಂಡಿದ್ದು. ನನಗೆ 63, ಯಜಮಾನರಿಗೆ 66. ಅವರು ಹೋದ ವರ್ಷ ರಿಟೈರ್ ಆದರು. ನಾನು ವಾರಕ್ಕೆ ಮೂರು ದಿನ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಮಗ ಮ್ಯಾಂಚೆಸ್ಟರಿನಲ್ಲಿ, ಮಗಳು ಲಂಡನ್ನಿನಲ್ಲಿ. ಮೇಲಿನ ಎರಡು ರೂಮಿನ ಬಾಗಿಲು ತೆಗೆಯುವುದೇ ಮಕ್ಕಳು ಬಂದಾಗ. ಆದರೂ ಹೀಟಿಂಗ್ ಹಾಕಬೇಕು, ಗುಡಿಸಬೇಕು, ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತಕ್ಕೆ ಕೊಡುವ ಮನೆ ಕಂದಾಯ, ಕಟ್ಟಬೇಕು.

ಯಜಮಾನರ ಮಂಡಿ ನೋವು ಜಾಸ್ತಿ ಆಗಿದೆ. ಮೆಟ್ಟಿಲು 13 ಇವೆ. ಬೆಳಿಗ್ಗೆ ಇಳಿಯುವಾಗ ಏಳನೇ ಮೆಟ್ಟಿಲಲ್ಲಿ ಒಂದು ಸಲ ನಿಲ್ಲುತ್ತಾರೆ. ಎಡಗೈ ಗೋಡೆಗೆ ಒತ್ತಿ, ಉಸಿರು ಬಿಟ್ಟು, ಆಮೇಲೆ ಮುಂದಿನ ಮೆಟ್ಟಿಲು. ಆ ಜಾಗದಲ್ಲಿ ಗೋಡೆಯ ಬಣ್ಣ ಮಾಸಿ ಅಂಗೈ ಗುರುತು ಬಿದ್ದಿದೆ. ಅದು ಕಣ್ಣಿಗೆ ಬಿದ್ದ ದಿನವೇ ಈ ಮನೆ ಸಾಕು ಅನ್ನಿಸಿತು.

ಏಜೆಂಟ್ ಹೇಳಿದ ಬೆಲೆ 6,20,000 ಪೌಂಡ್. ಸಾಲ ತೀರಿದೆ. 4,00,000ದ ಒಳಗೆ ಎರಡು ಬೆಡ್‌ರೂಮಿನದು ಸಿಕ್ಕಿದರೆ ಉಳಿದದ್ದು ಕೈಯಲ್ಲಿರುತ್ತದೆ ಅಂತ ಲೆಕ್ಕ. ಮನಸ್ಸಿನಲ್ಲಿರುವ ಊರುಗಳು: ಬೋರ್ನ್‌ಮತ್ ಪಕ್ಕದ ಕ್ರೈಸ್ಟ್‌ಚರ್ಚ್, ಮಿಲ್ಟನ್ ಕೀನ್ಸ್, ಲೆಸ್ಟರ್. ಕ್ರೈಸ್ಟ್‌ಚರ್ಚಿಗೆ ಎರಡು ಬೇಸಿಗೆ ಹೋಗಿದ್ದೆವು, ಯಜಮಾನರಿಗೆ ತುಂಬಾ ಹಿಡಿಸಿದೆ. ಲೆಸ್ಟರಿನಲ್ಲಿ ನನ್ನ ಕಾಲೇಜಿನ ಗೆಳತಿ ಇದ್ದಾಳೆ. ಮಗ ಮಾತ್ರ ಮ್ಯಾಂಚೆಸ್ಟರಿಗೇ ಬನ್ನಿ ಅನ್ನುತ್ತಾನೆ.

ಇನ್ನೊಂದು ವಿಷಯ, ಕೆಲವರಿಗೆ ಚಿಕ್ಕದು ಅನ್ನಿಸಬಹುದು. ದಸರೆಗೆ ನಾನು ಏಳು ಮೆಟ್ಟಿಲು ಗೊಂಬೆ ಕೂರಿಸುತ್ತೇನೆ. ಅಮ್ಮನ ಪಟ್ಟದ ಗೊಂಬೆ ನನ್ನ ಹತ್ತಿರ ಇದೆ. ಅದಕ್ಕೆ ಜಾಗ ಇಲ್ಲದ ಮನೆ ನನಗೆ ಬೇಡ.

ಏನೇನು ನೋಡಬೇಕು, ಹೇಳಿ.

ಕಡಲ ಪಕ್ಕದವಳು, ವರ್ದಿಂಗ್

ತಂಗಿ, ನಾವು ನಾಲ್ಕು ವರ್ಷದ ಹಿಂದೆ ಕ್ರಾಯ್ಡನ್ ಬಿಟ್ಟು ಇಲ್ಲಿಗೆ ಬಂದೆವು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಒಳ್ಳೆಯದು ಮೊದಲು. ನೆಲ ಸಮತಟ್ಟು. ಸಮುದ್ರದ ಪಕ್ಕದ ದಾರಿಯಲ್ಲಿ ವೀಲ್‌ಚೇರ್ ಕೂಡ ಆರಾಮಾಗಿ ಹೋಗುತ್ತದೆ. ಇಲ್ಲಿ ವಯಸ್ಸಾದವರು ಜಾಸ್ತಿ, ಅದಕ್ಕೆ ಬಂಗಲೋಗಳೂ ಜಾಸ್ತಿ. ನಮ್ಮೂರಿನ ಬಂಗಲೆ ಅಂದುಕೊಳ್ಳಬೇಡಿ, ಇಲ್ಲಿ ಬಂಗಲೋ ಅಂದರೆ ಮೆಟ್ಟಿಲಿಲ್ಲದ, ಒಂದೇ ಅಂತಸ್ತಿನ ಸಣ್ಣ ಮನೆ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿಗೆ ನೇರ ರೈಲು ಇದೆ.

ಈಗ ಇನ್ನೊಂದು ಕಡೆ. ಬಂದು ಎರಡನೇ ವರ್ಷಕ್ಕೆ ನಮ್ಮವರಿಗೆ ಕಣ್ಣಿನ ತೊಂದರೆ ಬಂತು, ಕಾರು ಬಿಟ್ಟರು. ನನಗೆ ಡ್ರೈವಿಂಗ್ ಬರುವುದಿಲ್ಲ. ಅಂದಿನಿಂದ ಊರು ಬೇರೆಯೇ ಆಯಿತು. ವಯಸ್ಸಾದವರ ಉಚಿತ ಬಸ್ ಪಾಸ್ ಇದೆ, ನಿಜ. ಆದರೆ ಇಂಗ್ಲೆಂಡಿನ ಪಾಸ್ ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ಮೇಲೆ ಮಾತ್ರ ನಡೆಯುತ್ತದೆ, ಕೆಲವು ಕೌನ್ಸಿಲ್‌ಗಳು ಬಿಟ್ಟರೆ. ಕಣ್ಣಿನ ಆಸ್ಪತ್ರೆ ಅಪಾಯಿಂಟ್‌ಮೆಂಟ್ 8.45ಕ್ಕೆ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ದಂತವೈದ್ಯರಿಗೆ ಹುಡುಕಿ ಹುಡುಕಿ ಕೊನೆಗೆ ದುಡ್ಡು ಕೊಟ್ಟು ತೋರಿಸಿದೆವು.

ಎಲ್ಲಕ್ಕಿಂತ ಹೆಚ್ಚಾಗಿ, ಸುಮ್ನೆ ಬಾಗಿಲು ತಟ್ಟಿ ಒಳಗೆ ಬರುವವರು ಯಾರೂ ಇಲ್ಲ. ಕ್ರಾಯ್ಡನ್‌ನಲ್ಲಿ ವಾರಕ್ಕೆ ಎರಡು ಸಲ ಯಾರಾದರೂ ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಇಲ್ಲಿಗೆ ಬಂದವರು ಬೇಸಿಗೆಯಲ್ಲಿ ಬಂದರು, ಮಕ್ಕಳನ್ನು ನೀರಿನಲ್ಲಿ ಆಡಿಸಿದರು, ಹೋದರು. ನವೆಂಬರಿನಿಂದ ಮಾರ್ಚ್‌ವರೆಗೆ ನಾವಿಬ್ಬರೇ.

ಒಂದು ಕೆಲಸ ಮಾಡಿ. ನೀವು ಮತ್ತು ಯಜಮಾನರು ಬೇರೆ ಬೇರೆ ಕೂತು ಒಂದೊಂದು ಚೀಟಿ ಬರೆಯಿರಿ. 'ಇನ್ನೊಬ್ಬರು ಇಲ್ಲದಾಗ ನಾನು ಯಾವ ಊರಲ್ಲಿ ಇರುತ್ತೇನೆ?' ಅಂತ. ನಾವು ಅದನ್ನು ಬರೆಯದೇ ಬಂದೆವು. ಕೇಳುವುದಕ್ಕೆ ಕಷ್ಟದ ಮಾತು, ಆದರೆ ಮನೆ ಕೊಳ್ಳುವ ಮುಂಚೆಯೇ ಕೇಳಬೇಕು.

ಲೆಕ್ಕ ನೋಡುವವ, ಹ್ಯಾರೋ

ಊರು ಯಾವುದಾದರೂ ಇರಲಿ, ದುಡ್ಡಿನ ವಿಷಯ ನಾನು ಹೇಳಿಬಿಡುತ್ತೇನೆ.

4,00,000 ಪೌಂಡಿನ ಮನೆಗೆ ಸ್ಟ್ಯಾಂಪ್ ಡ್ಯೂಟಿ 10,000. 2025ರ ಏಪ್ರಿಲ್ 1ರಿಂದ ಮೊದಲ 1,25,000ಕ್ಕೆ ಏನೂ ಇಲ್ಲ, ಅಲ್ಲಿಂದ 2,50,000ದವರೆಗೆ 2%, ಅದರ ಮೇಲೆ 9,25,000ದವರೆಗೆ 5%. ಹಳೆಯದು ಮಾರುವ ಮುಂಚೆ ಹೊಸದು ಕೊಂಡರೆ ಪೂರ್ತಿ ಬೆಲೆಯ ಮೇಲೆ ಇನ್ನೂ 5% ಕಟ್ಟಬೇಕು, ಅಂದರೆ 20,000 ಪೌಂಡ್. ಮೂರು ವರ್ಷದೊಳಗೆ ಹಳೆಯದು ಮಾರಿದರೆ ಅದು ವಾಪಸ್ ಬರುತ್ತದೆ, ಆದರೆ ಅಲ್ಲಿವರೆಗೆ ದುಡ್ಡು ಅವರ ಹತ್ತಿರ. ಇದರ ಜೊತೆ ಏಜೆಂಟ್, ಸಾಲಿಸಿಟರ್, ಸರ್ವೆ, ಸಾಮಾನು ಸಾಗಿಸುವ ಲಾರಿ. ಒಂದು ಸಲ ಹೋಗಿ ಹಿಡಿಸದೆ ಮತ್ತೆ ಬದಲಾಯಿಸಿದರೆ ಇದೆಲ್ಲ ಎರಡು ಸಲ.

ಮೊದಲಿನಿಂದ ನೀವೇ ವಾಸ ಮಾಡಿದ ಮನೆ ಆದ್ದರಿಂದ ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಚಿಕ್ಕ ಮನೆಗೆ ಹೋದರೆ ಮಕ್ಕಳಿಗೆ ಸಿಗುವ ಇನ್‌ಹೆರಿಟೆನ್ಸ್ ಟ್ಯಾಕ್ಸ್ (ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ) ವಿನಾಯಿತಿ ಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಹಾಗಿಲ್ಲ. 2015ರ ಜುಲೈ 8ರಿಂದ ಈಚೆಗೆ ಚಿಕ್ಕದಕ್ಕೆ ಹೋದವರಿಗೂ ಮನೆಯ ಮೇಲಿನ ತಲಾ 1,75,000 ಪೌಂಡಿನ ವಿನಾಯಿತಿ ಕೈತಪ್ಪದ ಹಾಗೆ ನಿಯಮ ಇದೆ. ಮಾರಿದ ಕಾಗದಗಳನ್ನು ಜೋಪಾನವಾಗಿ ಇಡಿ, ಮುಂದೆ ಮಕ್ಕಳು ಅದನ್ನು ತೋರಿಸಿ ಕೇಳಬೇಕಾಗುತ್ತದೆ.

ಉಳಿದ ದುಡ್ಡನ್ನೆಲ್ಲ ಹೊಸ ಮನೆಯ ಅಡುಗೆಮನೆಗೆ ಸುರಿಯಬೇಡಿ. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಆಸ್ತಿ ಇದ್ದರೆ ಆರೈಕೆಯ ಖರ್ಚು ನಮ್ಮದೇ. ಕೇರ್ ಹೋಮಿಗೆ ಹೋದರೆ ಮನೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಗಂಡನೋ ಹೆಂಡತಿಯೋ ಅದರಲ್ಲಿ ವಾಸ ಇದ್ದರೆ ಹಿಡಿಯುವುದಿಲ್ಲ.

ಶಿವಮೊಗ್ಗದ ಸೊಸೆ, ಲೆಸ್ಟರ್

ಅಕ್ಕಾ, ಲೆಸ್ಟರಿನ ಪರವಾಗಿ ನಾನು ಮಾತಾಡುತ್ತೇನೆ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದೇನೆ, ಅತ್ತೆ ಮಾವ ಇಬ್ಬರನ್ನೂ ಇಲ್ಲೇ ನೋಡಿಕೊಂಡೆ.

ಬೆಲ್‌ಗ್ರೇವ್ ರೋಡಿಗೆ ಬಸ್ಸಿನಲ್ಲಿ ಹೋಗಿ ಹಾಗಲಕಾಯಿ, ಸೋರೆಕಾಯಿ, ಕರಿಬೇವು, ತೆಂಗಿನಕಾಯಿ ತಂದು ಹನ್ನೆರಡಕ್ಕೆ ಸಾರು ಇಡಬಹುದು. 2021ರ ಜನಗಣತಿಯಲ್ಲಿ ಈ ಊರಿನ ನೂರಕ್ಕೆ 34 ಜನ ಭಾರತೀಯ ಮೂಲದವರು ಅಂತ ಬಂತು. ಇದರ ಬೆಲೆ ಗೊತ್ತಾಗುವುದು ವಯಸ್ಸಾದ ಮೇಲೆ. ನನ್ನ ಅತ್ತೆಗೆ ಮರೆವು ಶುರುವಾದಾಗ ಮೊದಲು ಹೋದದ್ದು ಇಂಗ್ಲಿಷ್. ಆಮೇಲೆ ಹಿಂದಿ. ಕೊನೆಗೆ ಉಳಿದದ್ದು ಕನ್ನಡ ಮಾತ್ರ. ಆದರೂ ಬರುತ್ತಿದ್ದ ಗುಜರಾತಿ ನರ್ಸಮ್ಮ ಅವರ ತಟ್ಟೆಯಲ್ಲಿ ಅನ್ನ ಮೊಸರು ಕಲಸಿ ಕೊಡುತ್ತಿದ್ದಳು. ಅನ್ನ ಯಾಕೆ, ಮೊಸರು ಯಾಕೆ, ಕೈಯಲ್ಲಿ ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಅತ್ತೆ ಅವಳನ್ನು 'ಮಗಾ' ಅಂತಲೇ ಕರೆಯುತ್ತಿದ್ದರು.

ಆಸ್ಪತ್ರೆ ವಿಷಯಕ್ಕೆ, ಹೃದಯದ ಚಿಕಿತ್ಸೆಗೆ ಗ್ಲೆನ್‌ಫೀಲ್ಡ್ ಇಲ್ಲೇ ಇದೆ. ಲಂಡನ್ ಸೇಂಟ್ ಪ್ಯಾಂಕ್ರಾಸಿಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಮಗಳು ಬೆಳಿಗ್ಗೆ ಬಂದು ಸಂಜೆ ಹೋಗಬಹುದು. ಮ್ಯಾಂಚೆಸ್ಟರಿಗೆ ರೈಲು ಬದಲಾಯಿಸಬೇಕು, ಅದೊಂದು ಕೊರತೆ. ಬಂಗಲೋ ಬೇಕಾದರೆ ಓಡ್ಬಿ, ವಿಗ್‌ಸ್ಟನ್ ಕಡೆ ನೋಡಿ. ನೀವು ಹೇಳಿದ ಬಜೆಟ್ಟಿಗೆ ಅಲ್ಲಿ ಆಯ್ಕೆ ಇದೆ.

ಕನ್ನಡದವರು ಗುಜರಾತಿಗಳಷ್ಟು ಇಲ್ಲ, ಹೇಳಿಬಿಡುತ್ತೇನೆ. ಹುಡುಕಿಕೊಳ್ಳಬೇಕು. ಬಾಲಾಜಿ ದರ್ಶನಕ್ಕೆ ಬರ್ಮಿಂಗ್‌ಹ್ಯಾಮ್ ಪಕ್ಕದ ಟಿವಿಡೇಲ್‌ಗೆ ಹೋಗುತ್ತೇವೆ, ಅಲ್ಲಿ ನಮ್ಮ ಕಡೆಯವರು ಸಿಗುತ್ತಾರೆ.

ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ ಅಂತ ಹೇಳುತ್ತಿದ್ದೇನೆ. ಮಾವ ಹೋದಾಗ ಅಸ್ಥಿ ಬಿಡಲು ಊರಿಗೆ ಹೋಗುವ ಸ್ಥಿತಿಯಲ್ಲಿ ನಾವಿರಲಿಲ್ಲ. ಹತ್ತಿರದ ಬ್ಯಾರೋ ಅಪಾನ್ ಸೋರ್‌ನಲ್ಲಿ ಸೋರ್ ನದಿಯ ಮೇಲೆ ಅದಕ್ಕೆಂದೇ ಜಾಗ ಇದೆ. ದೋಣಿಯಲ್ಲಿ ಹೋಗಿ ಬಿಟ್ಟು ಬಂದೆವು. ನೀರು ಸಣ್ಣಗೆ ಹರಿಯುತ್ತಿತ್ತು. ನಮ್ಮವರು 'ತುಂಗೆ ಅಂದುಕೊಂಡೆ' ಅಂದರು.

ಮಂಡ್ಯದ ಮಗಳು, ರೆಡಿಂಗ್

ವರ್ದಿಂಗ್ ಅಕ್ಕ, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಚೀಟಿ ಬರೆಯುತ್ತೇವೆ. ಶಿವಮೊಗ್ಗದವರೇ, ನಿಮ್ಮ ಅತ್ತೆಯ ವಿಷಯ ಯಜಮಾನರಿಗೆ ಓದಿ ಹೇಳಿದೆ. ಅವರು ಸುಮ್ಮನಾದರು.

ಅರವತ್ತು ದಾಟಿದವರಿಗೇ ಅಂತ ಕಟ್ಟಿರುವ ಫ್ಲಾಟ್‌ಗಳು ಹೇಗೆ? ಕ್ರೈಸ್ಟ್‌ಚರ್ಚಿನಲ್ಲಿ ಒಂದು ನೋಡಿದೆವು. ಲಿಫ್ಟ್ ಇದೆ, ಮ್ಯಾನೇಜರ್ ಇದ್ದಾರೆ, ಹಗ್ಗ ಎಳೆದರೆ ಸಹಾಯಕ್ಕೆ ಬರುತ್ತಾರೆ. ಬೆಲೆಯೂ ಕಮ್ಮಿ.

ಧಾರವಾಡ ಪೇಡ, ಸ್ವಿಂಡನ್

ಕಮ್ಮಿ ಯಾಕೆ ಅಂತ ಮೊದಲು ಕೇಳ್ರಿ.

ನಮ್ಮ ಅತ್ತಿ ಅಂಥಾ ಫ್ಲಾಟಿನಲ್ಲಿ ಆರು ವರ್ಷ ಇದ್ದರು. ಇದ್ದಷ್ಟು ದಿನ ಆರಾಮ ಇದ್ದರು, ಸುಳ್ಳು ಹೇಳಬಾರದು. ಬಿದ್ದಾಗ ಹಗ್ಗ ಎಳೆದರು, ಹತ್ತು ನಿಮಿಷದಲ್ಲಿ ಜನ ಬಂದರು. ಆದರೆ ಕಟ್ಟಡ ನೋಡಿಕೊಳ್ಳಲು ಕೊಡುವ ಸರ್ವಿಸ್ ಚಾರ್ಜ್ ವರ್ಷ ವರ್ಷ ಏರಿತು. ಅವರು ತೀರಿಕೊಂಡ ಮೇಲೆ ಫ್ಲಾಟ್ ಮಾರಲು ನಮಗೆ 14 ತಿಂಗಳು ಹಿಡಿಯಿತು. ಖಾಲಿ ಇದ್ದರೂ ಸರ್ವಿಸ್ ಚಾರ್ಜ್ ತಪ್ಪಲಿಲ್ಲ, ಕೌನ್ಸಿಲ್ ಟ್ಯಾಕ್ಸ್ ಕೂಡ ಬಂತು. ಮಾರಿದಾಗ ಬೆಲೆಯಲ್ಲಿ ಇಷ್ಟು ಪಾಲು ಕಂಪನಿಗೆ ಕೊಡಬೇಕು ಅನ್ನುವ ಸಾಲು ಲೀಸ್‌ನಲ್ಲಿ, ಅಂದರೆ ಫ್ಲಾಟಿನ ದೀರ್ಘಾವಧಿ ಗುತ್ತಿಗೆ ಪತ್ರದಲ್ಲಿ, ಇತ್ತು. ನಾವು ಅದನ್ನು ಕೊಳ್ಳುವಾಗ ಓದಿರಲಿಲ್ಲ. ಕೊಂಡದ್ದಕ್ಕಿಂತ ಕಮ್ಮಿಗೆ ಹೋಯಿತು.

ಈಗ ಹೊಸ ಲೀಸ್‌ಗಳಿಗೆ ಗ್ರೌಂಡ್ ರೆಂಟ್ (ನೆಲದ ಮಾಲೀಕರಿಗೆ ಕೊಡುವ ಬಾಡಿಗೆ) ಇಲ್ಲ, ವಯಸ್ಸಾದವರ ಫ್ಲಾಟ್‌ಗಳಿಗೆ ಇದು 2023ರ ಏಪ್ರಿಲ್ 1ರಿಂದ ಜಾರಿ. ಹಳೆಯ ಲೀಸ್‌ಗೆ ಅದು ಇದ್ದೇ ಇರುತ್ತದೆ. ಹಿಂದಿನ ಮೂರು ವರ್ಷದ ಸರ್ವಿಸ್ ಚಾರ್ಜ್ ಬಿಲ್ಲು ಕೇಳಿ ತಗೊಳ್ಳಿ. ಅದೇ ಕಟ್ಟಡದಲ್ಲಿ ಎಷ್ಟು ಫ್ಲಾಟ್ ಮಾರಾಟಕ್ಕಿವೆ, ಎಷ್ಟು ದಿನದಿಂದ ಇವೆ, ಅದನ್ನೂ ನೋಡಿ.

ಅಡುಗೆಮನೆಗೆ ಕಿಟಕಿ ಇದೆಯಾ ಅಂತಲೂ ನೋಡಿ. ಅತ್ತಿಯ ಫ್ಲಾಟಿಗೆ ಇರಲಿಲ್ಲ. ಒಗ್ಗರಣೆ ಹಾಕಿದರೆ ಕಾರಿಡಾರಿನ ಸ್ಮೋಕ್ ಅಲಾರ್ಮ್ ಹೊಡೆಯುತ್ತಿತ್ತು. ಎರಡು ಸಲ ಆದ ಮೇಲೆ ಅವರು ಒಗ್ಗರಣೆ ಹಾಕುವುದನ್ನೇ ಬಿಟ್ಟರು. ಎಪ್ಪತ್ತೆಂಟು ವರ್ಷದ ಹೆಣ್ಣುಮಗಳು ಒಗ್ಗರಣೆ ಇಲ್ಲದ ಬ್ಯಾಳಿ ಉಂಡುಕೊಂಡು ಇದ್ದರು. ಅದು ನನಗೆ ಇವತ್ತಿಗೂ ನೋವು.

ಹಾಸನದವ, ಮಿಲ್ಟನ್ ಕೀನ್ಸ್

ಮೇಡಂ, ನಮ್ಮ ಊರನ್ನೂ ಸರಿಯಾಗಿ ನೋಡಿ. ಮ್ಯಾಂಚೆಸ್ಟರಿಗೂ ಲಂಡನ್ ಯೂಸ್ಟನ್ನಿಗೂ ನೇರ ರೈಲು ಇದೆ, ಅಂದರೆ ಮಗ ಮಗಳು ಇಬ್ಬರಿಗೂ ನಡುವಿನ ಜಾಗ. ಇದು 1967ರಲ್ಲಿ ಶುರುವಾದ ಹೊಸ ಊರು. ನಡೆಯುವವರಿಗೆ, ಸೈಕಲ್ಲಿನವರಿಗೆ ಕೆಂಪು ಬಣ್ಣದ ರೆಡ್‌ವೇ ದಾರಿಗಳು ಎಲ್ಲ ಕಡೆ ಇವೆ, ದೊಡ್ಡ ರಸ್ತೆಗಳನ್ನು ಅಡಿಯಿಂದಲೋ ಮೇಲಿಂದಲೋ ದಾಟಬಹುದು. ಕನ್ನಡದ ಮನೆಗಳು ಬೇಕಾದಷ್ಟಿವೆ, ಯುಗಾದಿಗೆ ಒಬ್ಬಟ್ಟು ಹಂಚುವಷ್ಟು.

ಆದರೆ ವರ್ದಿಂಗ್ ಅಕ್ಕ ಹೇಳಿದ ಕಾರಿನ ವಿಷಯ ಇಲ್ಲಿಗೂ ಬರುತ್ತದೆ. ಈ ಊರನ್ನು ಕಟ್ಟಿದ್ದೇ ಕಾರಿಗೆ. ಸೆಂಟರ್ ಹತ್ತಿರ ಇದ್ದರೆ ಸರಿ. ದೂರದ ಬಡಾವಣೆಯಲ್ಲಿ ಇದ್ದು ಕಾರು ಬಿಟ್ಟರೆ ಕಷ್ಟ. 70 ಆದ ಮೇಲೆ ಲೈಸೆನ್ಸ್ ಮೂರು ಮೂರು ವರ್ಷಕ್ಕೆ ನವೀಕರಿಸಬೇಕು, ಯಾವ ಸಲ ಬೇಡ ಅನ್ನಿಸುತ್ತದೋ ಗೊತ್ತಿಲ್ಲ. ಮತ್ತೆ ನಮ್ಮ ಕನ್ನಡದ ಮನೆಗಳಲ್ಲಿ ಹೆಚ್ಚಿನವರು ನಲವತ್ತರ ಒಳಗಿನವರು. ವಾರವೆಲ್ಲ ಕೆಲಸ, ಶನಿವಾರ ಮಕ್ಕಳ ಈಜು. ಪ್ರೀತಿ ಇದೆ, ಪುರುಸೊತ್ತು ಇಲ್ಲ.

ನದಿ ನೋಡಿದವ, ವೂಸ್ಟರ್

ಒಂದೇ ಮಾತು. ಯಾವ ಊರಾದರೂ ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ನೆರೆ ಬರುವ ಅಪಾಯ ನೋಡಿ, ದುಡ್ಡು ಕೊಡಬೇಕಾಗಿಲ್ಲ. 2007ರ ಜುಲೈಯಲ್ಲಿ ಸೆವರ್ನ್ ನದಿ ಉಕ್ಕಿ ಟ್ಯೂಕ್ಸ್‌ಬರಿ ಊರು ದ್ವೀಪದ ಹಾಗೆ ಆಗಿದ್ದನ್ನು ಕಣ್ಣಾರೆ ಕಂಡವನು ನಾನು. ನೆರೆ ಬರುವ ಮನೆಗಳಿಗೆ ಕೈಗೆಟುಕುವ ಇನ್ಶೂರೆನ್ಸ್ ಸಿಗಲಿ ಅಂತ ಫ್ಲಡ್ ರೀ ಅನ್ನುವ ವ್ಯವಸ್ಥೆ 2016ರಿಂದ ಇದೆ, ಆದರೆ 2009ರ ಜನವರಿಯಿಂದ ಈಚೆಗೆ ಕಟ್ಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಹೊಸ ಮನೆ ಅಂದರೆ ನಿಶ್ಚಿಂತೆ ಅಂದುಕೊಳ್ಳಬೇಡಿ.

ಕೊಡಗಿನ ಕಾಫಿ, ಲೀಡ್ಸ್

ಮಕ್ಕಳ ಪಕ್ಕಕ್ಕೆ ಹೋಗುವ ಬಗ್ಗೆ. ನಾವು ಮೊಮ್ಮಗಳಿಗೋಸ್ಕರ ಸರ್ರೆ ಬಿಟ್ಟು ಲೀಡ್ಸಿಗೆ ಬಂದೆವು. ಮೂರು ವರ್ಷ ಸ್ವರ್ಗ. ಶಾಲೆಯಿಂದ ಅವಳನ್ನು ಕರೆತರುವುದೇ ನನ್ನ ದಿನದ ಕೆಲಸ. ಆಮೇಲೆ ಮಗನಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿತು. ಬೇಡ ಅನ್ನಲು ನಮಗೆ ಮನಸ್ಸು ಬರಲಿಲ್ಲ, ಅನ್ನಲೂ ಬಾರದು.

ಅವರು ಹೋದ ಮೇಲೆ ಇಲ್ಲಿ ನಮ್ಮದು ಅಂತ ಏನಿದೆ ಅಂತ ನೋಡಿದರೆ ಶಾಲೆಯ ಗೇಟಿನ ಹತ್ತಿರ ಸಿಗುತ್ತಿದ್ದ ಇಬ್ಬರು ಅಜ್ಜಿಯರು. ಅವರೇ ಈಗ ನನ್ನ ಜನ. ಮಗನ ಹತ್ತಿರ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಮಗ ಇಲ್ಲದಿದ್ದರೂ ಆ ಊರಲ್ಲಿ ಇರುತ್ತಿದ್ದಿರಾ ಅಂತ ಕೇಳಿಕೊಳ್ಳಿ.

ಅರಮನೆ ಬೀದಿ, ಬ್ರಿಸ್ಟಲ್

ಮೈಸೂರಿಗೇ ವಾಪಸ್ ಹೋಗುವ ಯೋಚನೆ ಇಲ್ವಾ?

ಲೆಕ್ಕ ನೋಡುವವ, ಹ್ಯಾರೋ

ಹೋಗುವವರು ಇದು ತಿಳಿದಿರಲಿ. ಭಾರತದಲ್ಲಿ ನೆಲೆಸಿದರೂ ಇಲ್ಲಿಯ ಸ್ಟೇಟ್ ಪೆನ್ಷನ್ ಬರುತ್ತದೆ, ಆದರೆ ವರ್ಷ ವರ್ಷದ ಏರಿಕೆ ಸಿಗುವುದಿಲ್ಲ. 2025-26ರಲ್ಲಿ ಪೂರ್ತಿ ಹೊಸ ಪೆನ್ಷನ್ ವಾರಕ್ಕೆ 230.25 ಪೌಂಡ್. ಆ ವರ್ಷ ಪೆನ್ಷನ್ ಹಿಡಿದು ಊರಿಗೆ ಹೋದವರಿಗೆ ಹತ್ತು ವರ್ಷ ಆದರೂ ಅಷ್ಟೇ. ಇಲ್ಲಿ ವಾಸ ಬಿಟ್ಟರೆ ಎನ್‌ಎಚ್‌ಎಸ್ ಆಸ್ಪತ್ರೆಯ ಉಚಿತ ಚಿಕಿತ್ಸೆಯೂ ಹೋಗುತ್ತದೆ, ಅದು ಪಾಸ್‌ಪೋರ್ಟ್ ನೋಡಿ ಕೊಡುವುದಲ್ಲ.

ಮಂಡ್ಯದ ಮಗಳು, ರೆಡಿಂಗ್

ಮೈಸೂರಿನ ಮಾತು ನಮ್ಮಲ್ಲೂ ಆಯಿತು. ಚಳಿಗಾಲಕ್ಕೆ ಎರಡು ತಿಂಗಳು ಹೋಗಿ ಬರುತ್ತೇವೆ, ಮಕ್ಕಳಿರುವ ದೇಶ ಬಿಡುವುದಿಲ್ಲ.

ಫೆಬ್ರವರಿಯಲ್ಲಿ ಕ್ರೈಸ್ಟ್‌ಚರ್ಚಿಗೆ ಕಾರು ಬಿಟ್ಟು ರೈಲಿನಲ್ಲಿ ಹೋದೆವು. ಬೇಕೆಂದೇ ಮಂಗಳವಾರ. ನಾವು ನೋಡಿದ್ದ ಬೀದಿಯಿಂದ ಡಾಕ್ಟರ ಕ್ಲಿನಿಕ್ಕಿಗೆ ನಡೆದರೆ ಯಜಮಾನರಿಗೆ 25 ನಿಮಿಷ ಹಿಡಿಯಿತು. ಎದುರುಗಾಳಿ. ಹಾಕಿದ್ದ ಮಫ್ಲರ್ ಮೂಗಿನವರೆಗೆ ಏರಿತು. ಬೇಸಿಗೆಯಲ್ಲಿ ಐಸ್‌ಕ್ರೀಮ್ ತಿಂದ ಅಂಗಡಿ ಮುಚ್ಚಿತ್ತು. ಆದರೂ ಊರು ಚೆಂದವೇ, ನಾನು ಅದನ್ನು ದೂರುವುದಿಲ್ಲ. ಬೆಂಚಿನ ಮೇಲೆ ಕೂತು ಅವರೇ ಅಂದರು: 'ಇಲ್ಲಿ ನಾನು ಬಿದ್ದರೆ ನೀನು ಯಾರಿಗೆ ಫೋನ್ ಮಾಡ್ತೀಯ?' ನನಗೆ ಒಂದು ಹೆಸರೂ ಹೊಳೆಯಲಿಲ್ಲ.

ಮನೆಗೆ ಬಂದು ಚೀಟಿ ಬರೆದೆವು. ನಾನು ಅಡುಗೆಮನೆಯಲ್ಲಿ, ಅವರು ಹಾಲ್‌ನಲ್ಲಿ. ಇಬ್ಬರೂ ಕ್ರೈಸ್ಟ್‌ಚರ್ಚ್ ಬರೆದಿರಲಿಲ್ಲ. ನನ್ನದರಲ್ಲಿ ಲೆಸ್ಟರ್. ಅವರದರಲ್ಲಿ ರೆಡಿಂಗ್, ಅವರ ಅಲಾಟ್‌ಮೆಂಟ್ ತೋಟ (ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ನೆಲ) ಇಲ್ಲಿದೆ, ಪಕ್ಕದ ಮನೆಯವರ ಹತ್ತಿರ ನಮ್ಮ ಮನೆ ಕೀ ಇದೆ. ಹಾಗಾಗಿ ವುಡ್ಲಿಯಲ್ಲಿ ಬಂಗಲೋ ನೋಡಿದೆವು. ನಮಗೆ ಸರಿಹೋಗುವ ಎರಡು ಬೆಡ್‌ರೂಮಿನದು 4,75,000. ಸ್ಟ್ಯಾಂಪ್ ಡ್ಯೂಟಿಯೇ 13,750. ದುಡ್ಡು ಅಷ್ಟು ಉಳಿಯುವುದಿಲ್ಲ, ಆದರೂ ಅವರಿಗಾಗಿ ನಾನು ಹೂಂ ಅಂದೆ.

ಎರಡು ದಿನ ಬಿಟ್ಟು ಅವರು ನನ್ನ ಚೀಟಿ ತಂದು ಮೇಜಿನ ಮೇಲಿಟ್ಟರು. 'ಹಿಂದೆ ಉಳಿಯೋದು ನೀನೇ ಅನ್ಸುತ್ತೆ. ನಿನ್ನ ಚೀಟಿನೇ ಇರಲಿ' ಅಂದರು. ಹಾಗೆಲ್ಲ ಮಾತಾಡಬೇಡಿ ಅಂತ ನಾನು ಬೈದೆ. ಆಮೇಲೆ ಇಬ್ಬರೂ ಸುಮ್ಮನೆ ಕೂತಿದ್ದೆವು.

ಕಡಲ ಪಕ್ಕದವಳು, ವರ್ದಿಂಗ್

ತಂಗಿ, ಕೊಳ್ಳುವ ಮುಂಚೆ ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ. ನಮಗೆ ಆ ಬುದ್ಧಿ ಹೇಳುವವರು ಇರಲಿಲ್ಲ. ಅವರ ತೋಟದ ವಿಷಯವನ್ನೂ ಮರೆಯಬೇಡಿ. ಗಂಡಸರಿಗೆ ಕೈಗೆ ಕೆಲಸ ಇಲ್ಲದಿದ್ದರೆ ಬೇಗ ಕುಗ್ಗುತ್ತಾರೆ.

ಶಿವಮೊಗ್ಗದ ಸೊಸೆ, ಲೆಸ್ಟರ್

ಅಲಾಟ್‌ಮೆಂಟಿಗೆ ಇಲ್ಲೂ ವೇಟಿಂಗ್ ಲಿಸ್ಟ್ ಇದೆ. ಬಾಡಿಗೆಗೆ ಬಂದ ವಾರವೇ ಹೆಸರು ಬರೆಸಿ. ಅಲ್ಲಿವರೆಗೆ ನಮ್ಮ ತೋಟದ ಅರ್ಧ ಭಾಗ ಅವರದೇ. ನಮ್ಮವರಿಗೆ ಮೆಂತ್ಯ ಸೊಪ್ಪು ಬಿಟ್ಟರೆ ಬೇರೆ ಬೆಳೆಯಲು ಬರುವುದಿಲ್ಲ.

ಮಂಡ್ಯದ ಮಗಳು, ರೆಡಿಂಗ್

ಮೆಂತ್ಯದ ವಿಷಯ ಕೇಳಿ ಯಜಮಾನರ ಮುಖ ಅರಳಿತು. ಅವರೆಕಾಯಿ ಹಾಕಬಹುದಾ ಅಂತ ಕೇಳು ಅಂದರು.

ಸೆಪ್ಟೆಂಬರಿನಿಂದ ಆರು ತಿಂಗಳು ಓಡ್ಬಿಯಲ್ಲಿ ಬಾಡಿಗೆಗೆ ಹೋಗುತ್ತಿದ್ದೇವೆ. ಒಂದೇ ಅಂತಸ್ತು, ಅಡುಗೆಮನೆಗೆ ದೊಡ್ಡ ಕಿಟಕಿ, ಬಸ್ ಸ್ಟಾಪ್ ನಾಲ್ಕು ನಿಮಿಷ. ನನ್ನ ಗೆಳತಿಯ ಮನೆ ಎರಡು ಸ್ಟಾಪ್ ಆಚೆ. ಅಷ್ಟು ದಿನ ಮಗಳು ರೆಡಿಂಗ್ ಮನೆಯಲ್ಲಿ ಇರುತ್ತಾಳೆ. ಹಿಡಿಸಿದರೆ ಬರುವ ಬೇಸಿಗೆಗೆ ಇದನ್ನು ಮಾರಾಟಕ್ಕೆ ಇಡುವುದು.

ನಿನ್ನೆ ಲಾಫ್ಟಿನಿಂದ ಗೊಂಬೆ ಪೆಟ್ಟಿಗೆ ಇಳಿಸಿದೆವು. ಬಾಡಿಗೆ ಮನೆಯ ಹಾಲ್ ಅಳೆದು ಬಂದಿದ್ದೇನೆ. ಏಳು ಮೆಟ್ಟಿಲು ಹಿಡಿಸುವುದಿಲ್ಲ, ಐದು ಹಿಡಿಸುತ್ತದೆ. ಪಟ್ಟದ ಗೊಂಬೆಯನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಲಾರಿಯಲ್ಲಿ ಕಳಿಸುವುದಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಲೆಸ್ಟರ್ ಕಡೆ ಇರುವವರು ದಸರೆಗೆ ಬನ್ನಿ, ಅರಿಶಿನ ಕುಂಕುಮಕ್ಕೆ.